ಗಾಡಿ ಓಡಿಸಲು ಬರುತ್ತೇನೆ, ಆದರೆ...

ಗೆಳೆಯಾ,

ನಿನ್ನ ಉದ್ದನೆಯ ವಾಯ್ಸ್ ಮೆಸೇಜ್ ಕೇಳಿದೆ. ಏಪ್ರಿಲ್‌ನಲ್ಲಿ ಬಳ್ಳಾರಿಯಿಂದ ಬೆಂಗಳೂರಿಗೆ ಓಡುತ್ತೀಯಂತೆ, ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ದುಡ್ಡು ಕೂಡಿಸುತ್ತೀಯಂತೆ, ನಾನು ರಜೆ ಹಾಕಿ ಬಂದು ಜೊತೆಗೆ ಗಾಡಿ ಓಡಿಸಬೇಕಂತೆ. ಚಳ್ಳಕೆರೆ ದಾಟೋಕೆ ಏಪ್ರಿಲ್ಲೇ ಬೇಕಿತ್ತೇನೋ ನಿನಗೆ? ಡಿಸೆಂಬರ್ ಅಂತ ಒಂದು ತಿಂಗಳಿದೆ, ಕೇಳಿದ್ದೀಯಾ? ಆದರೂ "ಸುಲಭವಾಗಿ ಓಡಿದರೆ ಯಾರು ಕಾಸು ಬಿಚ್ಚುತ್ತಾರೆ" ಅಂದೆಯಲ್ಲ, ಅದು ಸುಳ್ಳಲ್ಲ. ಉತ್ತರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ನಿನ್ನ ಹಾಗೆ ಹೊರಟವರು ಇನ್ನೂ ಇದ್ದಾರು. ಬೈಕೋಬೇಡ.

ನಾನಿರುವ ಸೇಂಟ್ ಜಾನ್ಸ್ ಊರಿಗೂ ಇಂಥ ಓಟಕ್ಕೂ ಹಳೆಯ ನಂಟು. ಕೆನಡಾದ ಪೂರ್ವದ ತುದಿ ಇದು. ಏಪ್ರಿಲ್ ಅಂದರೆ ನಮಗೆ ಮಾವಿನಕಾಯಿ, ಇಲ್ಲಿ ಗಾಳಿ, ಮಂಜು, ಹಿಮ ಬೆರೆತ ಮಳೆ. ಅಂಥ ಏಪ್ರಿಲ್‌ನ 12ನೇ ತಾರೀಖು, 1980ರಲ್ಲಿ, ಟೆರ್ರಿ ಫಾಕ್ಸ್ ಎಂಬ 21 ವರ್ಷದ ಹುಡುಗ ಇಲ್ಲಿನ ಬಂದರಿನಲ್ಲಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿಗೆ ಅದ್ದಿ, ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಕೂಡಿಸಲು ಓಟ ಶುರು ಮಾಡಿದ. ಮೂಳೆ ಕ್ಯಾನ್ಸರ್‌ಗೆ ಬಲಗಾಲನ್ನು 1977ರಲ್ಲಿ ಕತ್ತರಿಸಿದ್ದರು. ದೇಶದ ಆಚೆ ತುದಿಯ ಪೆಸಿಫಿಕ್‌ವರೆಗೆ ಹೋಗುವುದು, ದಿನಕ್ಕೆ ಒಂದು ಮ್ಯಾರಥಾನ್, ಅಂದರೆ 42 ಕಿಲೋಮೀಟರ್. ಆಗಿನ ಕೃತಕ ಕಾಲು ನಡೆಯಲು ಮಾಡಿದ್ದು, ಓಡಲು ಅಲ್ಲ. ಒಳ್ಳೆಯ ಕಾಲಿನಲ್ಲಿ ಒಂದು ಹೆಜ್ಜೆ ಜಾಸ್ತಿ ಕುಪ್ಪಳಿಸಿದರೆ ಮಾತ್ರ ಇನ್ನೊಂದು ಕಾಲು ಮುಂದೆ ಬರುತ್ತಿತ್ತು. ಕಾಲಿನ ಮೊಂಡು ಉಜ್ಜಿ ಹುಣ್ಣಾಗಿ ರಕ್ತ ಬರುತ್ತಿತ್ತು. ಅದರಲ್ಲೇ ಮೊದಲ ದಿನಗಳ ಬಿರುಗಾಳಿ, ಮಳೆ, ಹಿಮಪಾತ ಎಲ್ಲ ದಾಟಿದ. ಈ ಗಾಳಿಯಲ್ಲಿ ನಾನು ಹಾಲು ತರಲು ಹೋಗುವುದೇ ಒಂದು ಸಾಹಸ.

ಟೆರ್ರಿಯ ಬಗ್ಗೆ ನಿನಗೂ ಗೊತ್ತಿರಬಹುದು. ಆದರೆ ನೀನು ನನಗೆ ಕೊಡುತ್ತಿರುವುದು ಡಗ್ ಆಲ್ವರ್ಡ್‌ನ ಕೆಲಸ ಕಣೋ. ಡಗ್ ಟೆರ್ರಿಯ ಗೆಳೆಯ. ವ್ಯಾನ್ ಓಡಿಸಿದವನು, ಅಡುಗೆ ಮಾಡಿದವನು. ಒಂದು ಮೈಲಿ ಮುಂದೆ ಹೋಗಿ ನಿಲ್ಲಿಸಬೇಕು, ಅವನು ಕುಂಟುತ್ತಾ ಬರುವುದನ್ನು ಕಾಯಬೇಕು, ನೀರು ಕೊಡಬೇಕು, ಮತ್ತೆ ಒಂದು ಮೈಲಿ ಮುಂದೆ. ಇಡೀ ದಿನ ಇದೇ. ಆ ವ್ಯಾನಿನಲ್ಲೇ ಊಟ, ನಿದ್ದೆ, ಬೆವರು ವಾಸನೆ. ನೋವಾ ಸ್ಕೋಷಿಯಾ ಪ್ರಾಂತ್ಯ ತಲುಪುವ ಹೊತ್ತಿಗೆ ಇಬ್ಬರಿಗೂ ಮಾತೇ ಇರಲಿಲ್ಲ. ಟೆರ್ರಿಯ ಅಪ್ಪ ಅಮ್ಮ ವಿಮಾನ ಹತ್ತಿ ಬಂದು ಸಮಾಧಾನ ಮಾಡಬೇಕಾಯಿತು. ಆಮೇಲೆ ಟೆರ್ರಿಯ ತಮ್ಮ ಡ್ಯಾರೆಲ್ ಕೂಡ ವ್ಯಾನ್ ಸೇರಿಕೊಂಡ. ನಾವಿಬ್ಬರು ಹಂಪಿಗೆ ಹೋದಾಗ ಕಿಟಕಿ ಗಾಜು ಏರಿಸುವ ವಿಷಯಕ್ಕೇ ಕಿತ್ತಾಡಿದ್ದೆವು, ನೆನಪಿದೆಯಾ? ಆದ್ದರಿಂದ ಮೊದಲ ಷರತ್ತು, ಗಾಡಿಯಲ್ಲಿ ಮೂರನೆಯವರೊಬ್ಬರು ಇರಬೇಕು. ನಿನ್ನ ತಂಗಿ ಬಂದರೆ ತುಂಬ ಒಳ್ಳೆಯದು. ನಮ್ಮಿಬ್ಬರಿಗೂ ಬೈಯುವ ಧೈರ್ಯ ಅವಳಿಗೆ ಮಾತ್ರ ಇದೆ.

ಎರಡನೆಯದು ದುಡ್ಡು. ಓಡಿದರೆ ದುಡ್ಡು ತಾನಾಗಿ ಬರುತ್ತದೆ ಎಂದುಕೊಂಡಿದ್ದೀಯ. ಬರುವುದಿಲ್ಲ. ನಮ್ಮ ಸೇಂಟ್ ಜಾನ್ಸ್ ಇರುವ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಪೋರ್ಟ್ ಓ ಬಾಸ್ಕ್ ಎಂಬ ಊರಿನಲ್ಲಿ ಸುಮಾರು 10,000 ಜನ, ಅವರು ಕೂಡಿಸಿ ಕೊಟ್ಟಿದ್ದು 10,000 ಡಾಲರ್. ತಲೆಗೊಂದು ಡಾಲರ್! ಇಡೀ ದೇಶದಿಂದ ಹಾಗೇ ಕೇಳಬಹುದಲ್ಲ ಎಂದು ಟೆರ್ರಿಗೆ ಹೊಳೆದದ್ದು ಆಗಲೇ. ಅದೇ ಹುಡುಗ, ಅದೇ ಕಾಲು, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯಕ್ಕೆ ಬಂದಾಗ ಕೇಳುವವರೇ ಕಮ್ಮಿ. ಇವರಿಗೆ ಫ್ರೆಂಚ್ ಬಾರದು, ಅಲ್ಲಿನ ಜನಕ್ಕೆ ಇವನು ಯಾಕೆ ಓಡುತ್ತಿದ್ದಾನೆಂದೇ ಗೊತ್ತಿಲ್ಲ. ಕಾರಿನವರು ರಸ್ತೆಯಿಂದ ಪಕ್ಕಕ್ಕೆ ತಳ್ಳುತ್ತಿದ್ದರು. ಮುಂದೆ ಒಂಟಾರಿಯೋ ಪ್ರಾಂತ್ಯದಲ್ಲಿ ಕೆನಡಾದ ಕ್ಯಾನ್ಸರ್ ಸೊಸೈಟಿಯ ಬಿಲ್ ವಿಗರ್ಸ್ ಎಂಬವರು ಮುಂದಿನ ಊರುಗಳಲ್ಲಿ ಮೊದಲೇ ಎಲ್ಲ ಗೊತ್ತುಮಾಡಿ ಇಟ್ಟರು. ಜುಲೈನಲ್ಲಿ ಟೊರಾಂಟೊದ ಚೌಕದಲ್ಲಿ ಸುಮಾರು 10,000 ಜನ ಸೇರಿದರು. ಓಟ ಅದೇ, ಮುಂಚೆ ಹೋಗಿ ಹೇಳುವವರು ಇದ್ದರು ಅಷ್ಟೇ. ಹಿರಿಯೂರಲ್ಲಿ ಯಾರು, ಸಿರಾದಲ್ಲಿ ಯಾರು ಎಂದು ನೀನು ಈಗಲೇ ಬರೆದುಕೊಳ್ಳಬೇಕು. ಶಾಲೆ, ಬಸ್ ಸ್ಟ್ಯಾಂಡ್, ಸಂತೆ ದಿನ, ಎಲ್ಲ.

ಇನ್ನು ನೀನು ಓಡುವಾಗ ಹಾಕುವ ಆ ಟೀಶರ್ಟ್. ಫೋಟೋ ನೋಡಿದೆ. ಎದೆ ಬೆನ್ನು ತುಂಬ ಅಂಗಡಿ ಹೆಸರುಗಳು, ಮಕ್ಕಳ ವಾರ್ಡಿನ ಹೆಸರು ಕಂಕುಳ ಕೆಳಗೆ! ಟೆರ್ರಿ ವ್ಯಾನ್, ಪೆಟ್ರೋಲ್, ಶೂ ಎಲ್ಲ ಕಂಪನಿಗಳಿಂದಲೇ ಪಡೆದ, ಆದರೆ ತನ್ನ ಓಟದಿಂದ ಯಾರೂ ಲಾಭ ಮಾಡಿಕೊಳ್ಳಬಾರದು ಎಂದು ಹಟ ಹಿಡಿದ. ಅವನ ಹೆಸರಿನಲ್ಲಿ ನಡೆಯುವ ಓಟದಲ್ಲಿ ಇವತ್ತಿಗೂ ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ನೀನು ಅಷ್ಟು ಕಟ್ಟುನಿಟ್ಟು ಆಗಬೇಡ, ವಾರ್ಡಿನ ಹೆಸರನ್ನಾದರೂ ಎದೆಗೆ ತಾ.

ಈಗ ಮುಖ್ಯ ವಿಷಯ. "ನಡುವೆ ನಿಂತುಬಿಟ್ಟರೆ ದುಡ್ಡು ಕೊಟ್ಟವರಿಗೆ ಏನು ಹೇಳಲಿ" ಎಂದೆ. ಆ ಮಾತು ಕೇಳಿ ನನಗೆ ಬಿಸಿಲಿಗಿಂತ ಜಾಸ್ತಿ ಹೆದರಿಕೆಯಾಯಿತು. 1980ರ ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ಟೆರ್ರಿಗೆ ಕೆಮ್ಮು, ಎದೆನೋವು. ರಸ್ತೆಯ ಬದಿಯಲ್ಲಿ ಜನ ನಿಂತು ಬಿಡಬೇಡ, ಮುಂದೆ ಓಡು ಎಂದು ಕೂಗುತ್ತಿದ್ದರು. ಅವರ ಮುಂದೆ ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಜನ ಮುಗಿಯುವವರೆಗೆ ಓಡಿ, ಆಮೇಲೆ ವ್ಯಾನ್ ಹತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಡಗ್‌ಗೆ ಹೇಳಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 143 ದಿನ, 5,373 ಕಿಲೋಮೀಟರ್, ಅಲ್ಲಿಗೆ ಓಟ ನಿಂತಿತು. ಮುಂದಿನ ಜೂನ್‌ನಲ್ಲಿ ತೀರಿಕೊಂಡ.

ಆದರೆ ಲೆಕ್ಕ ನೋಡು. ನಿಂತ ದಿನದವರೆಗೆ ಕೂಡಿದ್ದು ಸುಮಾರು 17 ಲಕ್ಷ ಡಾಲರ್. ನಿಂತ ಮೇಲೆ ಒಂದು ಟೀವಿ ಕಾರ್ಯಕ್ರಮದಿಂದಲೇ 1 ಕೋಟಿಗೂ ಜಾಸ್ತಿ ಬಂತು. 1981ರ ಫೆಬ್ರವರಿ ಹೊತ್ತಿಗೆ 2 ಕೋಟಿ 40 ಲಕ್ಷ ದಾಟಿ, ಆಗಿನ ಕೆನಡಾದ ಜನರಿಗೆ ತಲೆಗೊಂದು ಡಾಲರ್ ನಿಜವಾಯಿತು. ಅವನು ಪೆಸಿಫಿಕ್ ಮುಟ್ಟಲೇ ಇಲ್ಲ. ಆದರೂ ಜನ ದುಡ್ಡು ಕೊಡುವುದನ್ನು ನಿಲ್ಲಿಸಲಿಲ್ಲ.

ಬೇಕಾದಾಗ ನಿಲ್ಲಬೇಕು ಎನ್ನುವ ಮಾತು ಬಿಸಿಲಿನ ವಿಷಯದಲ್ಲಿ ಇನ್ನೂ ಗಟ್ಟಿ. ನಮ್ಮ ಕಡೆಯ ಒಣ ಬಿಸಿಲಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ, ಎಷ್ಟು ನೀರು ಹೋಯಿತೆಂದು ತಿಳಿಯುವುದಿಲ್ಲ. ಹಾಗೆಂದು ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಅದೂ ಅಪಾಯ. ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ ಗಾಡಿಯಲ್ಲಿ ಇರುತ್ತದೆ. ಬೆಂಗಳೂರಿನ ಪಾರ್ಕಿನಲ್ಲಿ ಬೆಳಿಗ್ಗೆ ಓಡಿದ್ದು ಲೆಕ್ಕಕ್ಕಿಲ್ಲ. ಬಳ್ಳಾರಿಗೆ ಎರಡು ವಾರ ಮೊದಲೇ ಹೋಗಿ, ಬಿಸಿಲಿನಲ್ಲಿ ಸ್ವಲ್ಪ ಸ್ವಲ್ಪ ಓಡಿ ಮೈ ಒಗ್ಗಿಸಿಕೋ. ನಸುಕಿನಲ್ಲಿ ಹೊರಟು ಒಂಬತ್ತಕ್ಕೆ ನಿಲ್ಲಿಸಿ, ಸಂಜೆ ಉಳಿದದ್ದು ಓಡು. ಎಲ್ಲಕ್ಕಿಂತ ದೊಡ್ಡದು, ಬಿಸಿಲು ಬಡಿದವನಿಗೆ ತನಗೆ ಬಡಿದಿದೆ ಎಂದು ಗೊತ್ತಾಗುವುದಿಲ್ಲ. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಆದರೂ "ನಾನು ಸರಿಯಾಗೇ ಇದ್ದೀನಿ" ಅನ್ನುತ್ತಾನೆ. ಆಗ ಅಲ್ಲೇ ನೆರಳಿಗೆಳೆದು ನೀರು ಸುರಿದು, ಐಸ್ ಇಟ್ಟು ಮೈ ತಣ್ಣಗೆ ಮಾಡುತ್ತಲೇ ಆಂಬುಲೆನ್ಸ್ ಕರೆಯಬೇಕು. ಆ ಹೊತ್ತಿನಲ್ಲಿ ನಿನ್ನ ಜೊತೆ ವಾದ ಮಾಡುತ್ತಾ ಕೂರಲು ನನ್ನಿಂದ ಆಗದು.

ಅದಕ್ಕೇ ಕೊನೆಯ ಷರತ್ತು. ಗಾಡಿ ಹತ್ತು ಎಂದು ನಾನು ಅಥವಾ ನಿನ್ನ ತಂಗಿ ಹೇಳಿದರೆ ಹತ್ತಬೇಕು. ಜನ ಚಪ್ಪಾಳೆ ಹೊಡೆಯುತ್ತಿರಲಿ, ಟೀವಿಯವರು ಬಂದಿರಲಿ, ಬೆಂಗಳೂರು ಹತ್ತೇ ಕಿಲೋಮೀಟರ್ ಇರಲಿ. ಇದನ್ನು ದುಡ್ಡು ಕೇಳುವ ಪೋಸ್ಟರಿನಲ್ಲೂ ಹಾಕು, ಕೊಡುವವರಿಗೂ ಮೊದಲೇ ತಿಳಿದಿರಲಿ.

ಒಪ್ಪಿಗೆಯಾದರೆ ಒಂದು ವಾರದೊಳಗೆ ತಾರೀಖು ಹೇಳು. ಇಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಇಲ್ಲ, ತಡ ಮಾಡಿದರೆ ಟಿಕೆಟ್ ದುಬಾರಿ. ಅಷ್ಟರಲ್ಲಿ ಡಾಕ್ಟರ ಹತ್ತಿರ ಹೋಗಿ ಎದೆ ಪರೀಕ್ಷೆ ಮಾಡಿಸಿಕೊಂಡು ರಿಪೋರ್ಟ್ ನನಗೂ ಕಳಿಸು.

ಇಂತಿ,
ನಿನ್ನ ಗೆಳೆಯ