ಬಾಡಿಗೆ ಬಾಕಿಗೆ ಇನ್ನು ಮೊದಲು ನೋಟಿಸ್ ಇಲ್ಲ, ಪೂರಕ ಕರಾರು

ಮಡಿಕೇರಿ, ಜುಲೈ 2020

ಮಾನ್ಯ ಗ್ರಾಹಕರೇ,

ಲಾಕ್‌ಡೌನ್ ತಿಂಗಳುಗಳ ಬಾಡಿಗೆ ಬಾಕಿಗಾಗಿ ಆಗಸ್ಟ್ 1ರಿಂದ ನಮ್ಮ ಕಚೇರಿ ನೇರವಾಗಿ ತೆರವು ನೋಟಿಸ್ ಕಳಿಸುವುದಿಲ್ಲ. ಮೊದಲು ಪೂರಕ ಕರಾರು, ಅಂದರೆ ಬಾಕಿ ಹೇಗೆ ತೀರಿಸಬೇಕೆಂದು ಮೂಲ ಬಾಡಿಗೆ ಕರಾರಿಗೆ ಸೇರಿಸುವ ಕಾಗದ, ಬರೆಯುತ್ತೇವೆ. ಅದು ಮುರಿದುಬಿದ್ದರೆ ಮಾತ್ರ ನೋಟಿಸ್. ಅಂಗಡಿ, ಗೋದಾಮು, ಗುತ್ತಿಗೆಗೆ ಕೊಟ್ಟ ಹೋಂಸ್ಟೇ ಮೂರಕ್ಕೂ ಇದೇ ಕ್ರಮ.

‘ಸರ್ಕಾರವೇ ಮುಚ್ಚಿಸಿದ ಮೇಲೆ ಬಾಡಿಗೆ ಯಾಕೆ ಕೊಡಬೇಕು?’ ಎಂದು ಬಾಡಿಗೆದಾರರು ಕೇಳುತ್ತಿದ್ದಾರೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರನಿಗೆ ಕರಾರು ಕೈಬಿಡುವ ಹಕ್ಕು ಕೊಡುವುದು ಕಟ್ಟಡವೇ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ. 2018ರಲ್ಲಿ ಗುಡ್ಡ ಜರಿದು ಹೋದ ಕಟ್ಟಡಕ್ಕೆ ಅದು ಸಲ್ಲುತ್ತದೆ, ಎರಡು ತಿಂಗಳು ಶಟರ್ ಎಳೆದಿದ್ದ ಅಂಗಡಿಗೆ ಸಲ್ಲುವುದಿಲ್ಲ. ಕರಾರಿನಲ್ಲೇ ಬಾಡಿಗೆ ಮನ್ನಾದ ಷರತ್ತು ಇದ್ದರೆ ಮಾತು ಬೇರೆ. ಕಳೆದ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿದೆ. ಮಾರ್ಚ್ 29ರ ಕೇಂದ್ರದ ಆದೇಶ ಕಾರ್ಮಿಕರ ವಾಸದ ಮನೆಯ ಒಂದು ತಿಂಗಳ ಬಾಡಿಗೆಗೆ ಸಂಬಂಧಿಸಿದ್ದು. ಅದನ್ನು ಅಂಗಡಿಗೆ ಎಳೆದು ತರಬೇಡಿ.

ಮಾಲೀಕರು ಮಾಡುತ್ತಿರುವ ತಪ್ಪು ಇದಕ್ಕಿಂತ ದುಬಾರಿ. ಬಾಕಿ ಇದೆಯೆಂದು ತಮ್ಮದೇ ಬೀಗ ಜಡಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಅಲ್ಲಿ ಬಾಕಿಯ ಲೆಕ್ಕ ಯಾರೂ ಕೇಳುವುದಿಲ್ಲ.

ಪೂರಕ ಕರಾರಿನಲ್ಲಿ ಜಗಳ ಹುಟ್ಟುವುದು ಒಂದೇ ಕಡೆ: ಬಿಟ್ಟ ಹಣ ಮನ್ನಾ ಆಯಿತೋ, ಮುಂದಕ್ಕೆ ಹೋಯಿತೋ ಎಂಬಲ್ಲಿ. ‘ಏಪ್ರಿಲ್, ಮೇ ಅರ್ಧ ಬಾಡಿಗೆ’ ಎಂದಷ್ಟೇ ಬರೆದರೆ ಇಬ್ಬರೂ ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ಹೀಗೆ ಬರೆಯಬೇಕು: ತಿಂಗಳ ಬಾಡಿಗೆ ₹12,000, ಏಪ್ರಿಲ್, ಮೇ ತಲಾ ₹6,000 ಸಂದಿದೆ, ಉಳಿದ ₹12,000 ಮನ್ನಾ ಅಲ್ಲ, ಆಗಸ್ಟ್‌ನಿಂದ ಜನವರಿವರೆಗೆ ಪ್ರತಿ ತಿಂಗಳ ಬಾಡಿಗೆಯ ಜೊತೆ ₹2,000ದಂತೆ ಆರು ಕಂತು. ಮುಂಗಡದಿಂದ ಮುರಿದುಕೊಂಡರೆ, ಆ ಮೊತ್ತ ಮತ್ತೆ ಯಾವಾಗ ತುಂಬಬೇಕೆಂಬ ದಿನಾಂಕವೂ ಇರಲಿ. ವಸೂಲಿ ದಾವೆಗೆ ಇರುವ ಮೂರು ವರ್ಷದ ಕಾಲಮಿತಿ ಮುಗಿಯುವ ಮೊದಲೇ ಬಾಕಿ ಒಪ್ಪಿಕೊಂಡ ಸಹಿ ಬಿದ್ದರೆ, ಆ ಮೂರು ವರ್ಷ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಮಾಲೀಕರಿಗೆ ಇದು ನೋಟಿಸಿಗಿಂತ ಲಾಭ.

ಇದೇ ಕಾಗದದಲ್ಲಿ 11 ತಿಂಗಳ ಕರಾರಿನ ಅವಧಿ ವಿಸ್ತರಿಸಬೇಡಿ. ಅವಧಿ ವರ್ಷ ದಾಟಿದರೆ ನೋಂದಣಿ ಕಡ್ಡಾಯವಾಗುತ್ತದೆ. ಹೊಸ ಅವಧಿಗೆ ಹೊಸ ಕರಾರೇ ಆಗಲಿ.

ಚೆಕ್ ವಿಷಯದಲ್ಲಿ ಎಚ್ಚರ. ಮಾರ್ಚ್ 15ರಿಂದ ಸುಪ್ರೀಂ ಕೋರ್ಟ್ ವಿಸ್ತರಿಸಿರುವುದು ನ್ಯಾಯಾಲಯಕ್ಕೆ ಹೋಗುವ ಕಾಲಮಿತಿಯನ್ನು. ಬಾಡಿಗೆ ಕೊಡುವ ದಿನ ಅದರಿಂದ ಮುಂದೆ ಹೋಗಿಲ್ಲ, ಚೆಕ್‌ನ ಮೂರು ತಿಂಗಳ ಆಯುಷ್ಯವೂ ಬೆಳೆದಿಲ್ಲ. ಡ್ರಾಯರಿನಲ್ಲಿಟ್ಟ ಏಪ್ರಿಲ್ ಚೆಕ್ ಇದ್ದರೆ ತಾರೀಖು ಇವತ್ತೇ ನೋಡಿ.

ಹೋಂಸ್ಟೇ ನಡೆಸುವವರೇ, ಅತಿಥಿಗಳ ಬುಕಿಂಗ್ ಬಾಡಿಗೆ ಕರಾರಲ್ಲ. ಸರ್ಕಾರ ಮುಚ್ಚಿಸಿದ್ದ ದಿನಗಳಿಗೆ ಪಡೆದ ಮುಂಗಡವನ್ನು ಕರಾರು ಕಾಯ್ದೆಯ 65ನೇ ಕಲಂ ಪ್ರಕಾರ ಹಿಂದಿರುಗಿಸಬೇಕು. ಅತಿಥಿ ಒಪ್ಪಿದರೆ ಮುಂದಿನ ದಿನಾಂಕಕ್ಕೆ ಹೊಂದಿಸಿ. ಒಪ್ಪಿಗೆ ಮಾತ್ರ ಬರಹದಲ್ಲಿರಲಿ.

ಬಾಡಿಗೆದಾರರು ಕೇರಳ ಗಡಿಯ ಮಾಕುಟ್ಟದ ಆಚೆ ಊರಿಗೆ ಹೋಗಿದ್ದರೆ ಎರಡು ಪ್ರತಿ ಅಂಚೆಯಲ್ಲಿ ಕಳಿಸಿ, ಸಹಿಯಾದ ಮೂಲ ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ತರಿಸಿಕೊಳ್ಳಿ. ವಾಟ್ಸ್ಆ್ಯಪ್ ಫೋಟೊವನ್ನು ಸಾಕ್ಷಿಯಾಗಿ ಹಾಜರುಪಡಿಸಲು ಅದು ಯಾವ ಫೋನಿನದೆಂದು ದೃಢೀಕರಿಸುವ ಪ್ರಮಾಣಪತ್ರ ಬೇಕು; ಆ ಫೋನ್ ಮಾರಿಬಿಟ್ಟರೆ ಪೇಚಾಟ. ನಾವು ಬರೆಯುವುದು ನಿಮ್ಮ ಪರವಾಗಿ, ಎದುರಿನವರು ತಮ್ಮ ವಕೀಲರಿಗೆ ತೋರಿಸಿಯೇ ಸಹಿ ಹಾಕಲಿ.

ಮೂಲ ಕರಾರು, ಮಾರ್ಚ್‌ನಿಂದ ಈಚಿನ ಬ್ಯಾಂಕ್ ಪಾಸ್‌ಬುಕ್ ಪುಟಗಳು, ಮುಂಗಡದ ರಸೀದಿ, ಇವುಗಳ ನಕಲು ಮೊದಲು ಕಳಿಸಿ. ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತಿರುವುದರಿಂದ ಜೆರಾಕ್ಸ್ ಪ್ರತಿಯನ್ನು ಕಚೇರಿಯ ಬಾಗಿಲ ಪೆಟ್ಟಿಗೆಗೆ ಹಾಕಿದರೂ ಆದೀತು. ಮೇಲೆ ನಿಮ್ಮ ಫೋನ್ ನಂಬರ್ ಬರೆದಿರಿ.

ಇಂತಿ,
ನಿಮ್ಮ ಕಾನೂನು ಸಲಹಾ ಕಚೇರಿ