ಸೊಂಟ ನೋವು ಇಟ್ಟುಕೊಂಡು ಬೋರ್ಡ್ ಹತ್ತಬಹುದಾ ಅಂತ ಕೇಳಿದ ಗೆಳೆಯನಿಗೆ

ಬನಶಂಕರಿ, ಬೆಂಗಳೂರು

ಪ್ರೀತಿಯ ಮಂಜು,

ಮೊದಲು ನಿನ್ನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಹತ್ತಬಹುದು. ಸೊಂಟ ನೋವಿದೆ ಅಂತ, ನಿಂತು ಹುಟ್ಟು ಹಾಕುತ್ತಾ ನೀರಿನ ಮೇಲೆ ಸಾಗುವ ಪ್ಯಾಡಲ್ ಬೋರ್ಡಿನ ಆಸೆ ಬಿಡಬೇಕಾಗಿಲ್ಲ. ಆದರೆ ನಿನ್ನ ಭಯವೆಲ್ಲ ನೀರಿನ ಮೇಲೆ ನಿಲ್ಲುವುದರ ಬಗ್ಗೆ ಇದೆ. ನನ್ನನ್ನು ಕೇಳಿದರೆ ಸೊಂಟ ಹಿಡಿದುಕೊಳ್ಳುವುದು ಹೆಚ್ಚಾಗಿ ದಡದಲ್ಲಿ. ಬೋರ್ಡಿಗೆ ಗಾಳಿ ತುಂಬುವಾಗ, ಅದನ್ನು ಡಿಕ್ಕಿಯಿಂದ ಎಳೆಯುವಾಗ, ಒದ್ದೆ ಮರಳಿನಲ್ಲಿ ಹೊತ್ತು ನಡೆಯುವಾಗ. ಅದಕ್ಕೂ ಮೊದಲು, ಅಲ್ಲಿಗೆ ಹೋಗಿ ಸೇರುವ ದಾರಿಯಲ್ಲಿ.

ಒಂದು ವಿಷಯ ತಮಾಷೆ ಮಾಡದೆ ಹೇಳುತ್ತೇನೆ. ನೋವು ಕಾಲಿಗೆ ಇಳಿದು ಪಾದ ಎತ್ತಲು ಆಗುತ್ತಿಲ್ಲ ಅಂದರೆ, ಕೂರುವ ಜಾಗದ ಸುತ್ತ ಜೋಮು ಹಿಡಿದಿದ್ದರೆ, ಮೂತ್ರ ಅಥವಾ ಮಲ ಹಿಡಿತಕ್ಕೆ ಸಿಗುತ್ತಿಲ್ಲ ಅಂದರೆ, ಈ ಪತ್ರ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗು. ಅದು ನಾಳೆಗೆ ಮುಂದೂಡುವ ವಿಷಯ ಅಲ್ಲ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ಡಾಕ್ಟರ್ ಮೊದಲು, ನೀರು ಆಮೇಲೆ.

ಇವೇನೂ ಇಲ್ಲ, ಎಂಆರ್‌ಐ ರಿಪೋರ್ಟಿನಲ್ಲಿ ‘ಎಲ್4–ಎಲ್5 ಡಿಸ್ಕ್ ಬಲ್ಜ್’ (ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ) ಅಂತ ಬರೆದಿದೆ, ಅದಕ್ಕೇ ಭಯ ಅಂದೆ. 2015ರಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕ ಅದರಲ್ಲಿದೆ. 20 ವರ್ಷದವರಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. 50 ವರ್ಷದವರಲ್ಲಿ ಶೇ 60. ಅವರೆಲ್ಲ ನೋವಿಲ್ಲದೆ ಓಡಾಡಿಕೊಂಡಿದ್ದವರು. ಅಂದರೆ ನಿನ್ನ ನೋವು ಸುಳ್ಳು ಅಂತಲ್ಲ. ಆ ಒಂದು ಸಾಲು ನೋಡಿ ಬೆನ್ನು ಮುರಿದೇ ಹೋಯಿತು ಅಂತ ಕೂರಬೇಡ, ಅಷ್ಟೇ.

ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಹತ್ತಲಾ ಅಂತಲೂ ಕೇಳಿದ್ದೀಯ. ಬೇಡ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ವ್ಯಾಯಾಮ ಮಾಡಿಸಿ ಅಂತ ಅದರಲ್ಲಿದೆ. ಬೆಲ್ಟು, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು) ಇವನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡಬೇಡಿ ಅಂತಲೂ ಇದೆ. ಅದೂ ಅಲ್ಲದೆ, ಬೆಲ್ಟಿನ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಬಿಸಿಲಲ್ಲಿ ನಿಂತರೆ ನಿನಗೆ ಉಸಿರಾಡಲೂ ಆಗುವುದಿಲ್ಲ.

ಈಗ ಮುಖ್ಯವಾದದ್ದು. ನಿನ್ನ ನೋವು ಯಾವ ಜಾತಿಯದು? ಎಲ್ಲರ ಸೊಂಟವೂ ಒಂದೇ ಥರ ನೋಯುವುದಿಲ್ಲ. ಕೆಲವರಿಗೆ ಬಾಗಿದರೆ, ಹೆಚ್ಚು ಹೊತ್ತು ಕೂತರೆ, ಶೂ ಲೇಸ್ ಕಟ್ಟಿದರೆ ನೋವು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಆರಾಮ. ಇನ್ನು ಕೆಲವರಿಗೆ ಪೂರ್ತಿ ಉಲ್ಟಾ. ನಿಂತರೆ, ಹಿಂದಕ್ಕೆ ಬಾಗಿದರೆ ನೋವು, ಕೂತರೆ ಸುಖ. ವಯಸ್ಸಾದವರಲ್ಲಿ ಇದು ಜಾಸ್ತಿ. ಮೊದಲನೆಯವರಿಗೆ ನಿಂತು ಹುಟ್ಟು ಹಾಕುವುದು ಕಾಯಕ್ ಅನ್ನುವ ಕಿರಿದಾದ ದೋಣಿಯಲ್ಲಿ ಕಾಲು ಚಾಚಿ ಕೂರುವುದಕ್ಕಿಂತ ಎಷ್ಟೋ ವಾಸಿ. ಸುಸ್ತಾಯಿತು ಅಂತ ಅವರು ಬೋರ್ಡಿನ ಮೇಲೆ ಕಾಲು ನೀಡಿ ಕೂತರೆ ಮಾತ್ರ ಎಡವಟ್ಟು. ಅಂಥವರು ಮಂಡಿಯೂರಬೇಕು. ಎರಡನೆಯವರು ಐದು ನಿಮಿಷ ನಿಂತು, ಮತ್ತೆ ಮಂಡಿಯೂರಿ ಅಥವಾ ಕೂತು, ಹೀಗೆ ಬದಲಿಸುತ್ತಾ ಹೋಗಬೇಕು. ಮಂಡಿಯೂರಿಯೇ ಇಡೀ ಬೆಳಗ್ಗೆ ಕಳೆದರೂ ಯಾರೂ ನಗುವುದಿಲ್ಲ. ನಕ್ಕರೆ ನಗಲಿ ಬಿಡು. ನಿನ್ನದು ಮೊದಲನೇ ಜಾತಿ ಅಂತ ನನ್ನ ಅನುಮಾನ. ಔಟರ್ ರಿಂಗ್ ರೋಡಿನಲ್ಲಿ ಅಷ್ಟು ವರ್ಷ ಕ್ಲಚ್ ತುಳಿದವನು ನೀನು. ಆದರೂ ಫಿಸಿಯೋ ಹತ್ತಿರ ಒಮ್ಮೆ ತೋರಿಸಿ ಖಚಿತ ಮಾಡಿಕೋ.

ಬೆಂಗಳೂರಿನಲ್ಲೇ ಯಾಕಾಗದು ಅಂದೆಯಲ್ಲ. ನಮ್ಮ ಕೆರೆಗಳೆಲ್ಲ ಹಿಂದಿನವರು ಕಟ್ಟೆ ಕಟ್ಟಿ ಮಾಡಿದ್ದು. ಒಂದು ತುಂಬಿದರೆ ರಾಜಕಾಲುವೆ ಹಿಡಿದು ಇನ್ನೊಂದಕ್ಕೆ ನೀರು ಹೋಗಲಿ ಅಂತ. ಈಗ ಆ ರಾಜಕಾಲುವೆಗಳಲ್ಲಿ ಏನು ಹರಿಯುತ್ತದೆ ಅಂತ ನಿನಗೇ ಗೊತ್ತು. ನೊರೆ ಉಕ್ಕಿದ, ಬೆಂಕಿ ಹತ್ತಿಕೊಂಡ ಬೆಳ್ಳಂದೂರು ಕೆರೆಯನ್ನು ನಾವೇ ನೋಡಿದ್ದೇವೆ. ಕಲಿಯುವವನು ಬೀಳಲೇಬೇಕು, ಬಿದ್ದಾಗ ಬಾಯಿಗೆ ನೀರು ಹೋಗಲೇಬೇಕು. ಹತ್ತಿರ ಅಂತ ಮಂಚನಬೆಲೆ ಜಲಾಶಯದ ಕಡೆ ಹೋಗೋಣ ಅನ್ನಬೇಡ. ಅಲ್ಲಿ ಮುಳುಗಿ ಸತ್ತವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು!

ಅದಕ್ಕೇ ಮಂಗಳೂರು–ಉಡುಪಿ ನಡುವಿನ ಮೂಲ್ಕಿ. ಶಾಂಭವಿ ಮತ್ತು ನಂದಿನಿ ಹೊಳೆಗಳು ಸಸಿಹಿತ್ಲು ಹತ್ತಿರ ಸೇರಿ ಸಮುದ್ರಕ್ಕೆ ಬೀಳುತ್ತವೆ. ಒಳಗಡೆ ಹಿನ್ನೀರು, ಅಗಲವಾದ ಹೊಳೆ, ಅಲೆ ಇಲ್ಲ, ದಡದುದ್ದಕ್ಕೂ ತೆಂಗು. ಹೇಳಿಕೊಡುವವರಿದ್ದಾರೆ, ಬೋರ್ಡ್ ಬಾಡಿಗೆಗೆ ಸಿಗುತ್ತದೆ. ನಮ್ಮ ದೇಶದಲ್ಲಿ ಈ ಆಟ ಬೇರು ಬಿಟ್ಟ ಊರುಗಳಲ್ಲಿ ಅದೂ ಒಂದು. 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆಯೂ ಅಲ್ಲೇ ನಡೆಯಿತು.

ಆದರೆ ಬೆಂಗಳೂರಿನಿಂದ ಅದು ಸುಮಾರು 370 ಕಿಲೋಮೀಟರ್. ನಿನ್ನ ಸೊಂಟಕ್ಕೆ ನಿಜವಾದ ಪರೀಕ್ಷೆ ಇದು. ಕಾರಿನಲ್ಲಿ ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಅಂತ ಏಳೆಂಟು ಗಂಟೆ ಕೂತು, ಇಳಿದ ತಕ್ಷಣ ಬೋರ್ಡ್ ಹತ್ತಿದರೆ ನೋವು ಬಂದೇ ಬರುತ್ತದೆ. ಆಮೇಲೆ ಬೈಗುಳ ಬೋರ್ಡಿಗೆ. ಕಾರು ಬೇಡ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಮಲಗಿಕೊಂಡು ಹೋಗೋಣ, ಬೆಳಗ್ಗೆ ಉಡುಪಿಯಲ್ಲಿ ಇಳಿಯೋಣ. ಅಲ್ಲಿಂದ ಬಸ್ಸಿಗೆ ಮೂಲ್ಕಿ ದೂರವೇನಲ್ಲ. ಆ ದಿನ ನೀರಿಗೆ ಇಳಿಯುವುದು ಬೇಡ. ಬೀಚ್ ಮೇಲೆ ನಡೆದಾಡಿ, ಮೀನೂಟ ಮಾಡಿ ಮಲಗೋಣ. ಮರುದಿನ ಬೆಳಗ್ಗೆ ಬೇಗ ಇಳಿಯಬೇಕು. ಬಿಸಿಲೇರಿದ ಮೇಲೆ ಸಮುದ್ರದ ಗಾಳಿ ಬೀಸಲು ಶುರುವಾಗುತ್ತದೆ. ಎದುರು ಗಾಳಿಯಲ್ಲಿ ನಿಂತು ಹುಟ್ಟು ಹಾಕುವುದು ಸೊಂಟ ನೋವಿನವನ ಕೆಲಸ ಅಲ್ಲ. ಗಾಳಿ ಎದ್ದರೆ ಮಂಡಿಯೂರಿಬಿಡು. ಉಬ್ಬರ ಇಳಿತದ ಹೊತ್ತು ಅಲ್ಲಿಯವರನ್ನೇ ಕೇಳು. ಇಳಿತದ ವೇಳೆ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗ) ಕಡೆ ಹೋಗಲೇಬಾರದು, ನೀರು ಸಮುದ್ರಕ್ಕೆ ಎಳೆದುಕೊಂಡು ಹೋಗುತ್ತದೆ.

ಸ್ವಂತ ಬೋರ್ಡ್ ಕೊಳ್ಳುವ ಮಾತು ಸದ್ಯಕ್ಕೆ ಬಿಟ್ಟುಬಿಡು. ಗಾಳಿ ತುಂಬುವ ಬೋರ್ಡ್ ಮಡಚಿದರೆ ಬ್ಯಾಗಿಗೆ ಬರುತ್ತದೆ, ನಿಜ. ಆದರೆ ಬೋರ್ಡೇ 10 ಕೆ.ಜಿ. ಆಸುಪಾಸು. ಪಂಪು, ಹುಟ್ಟು ಸೇರಿದರೆ ಇನ್ನೂ ಜಾಸ್ತಿ. ನಿನ್ನ ಮನೆ ಇರುವುದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅದನ್ನು 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತನಕ ಕೈಪಂಪಿನಲ್ಲಿ ತುಂಬಬೇಕು. ಕೊನೆಯ ಭಾಗದಲ್ಲಿ ಪಂಪು ಕೆಳಗೇ ಹೋಗುವುದಿಲ್ಲ, ಮೈಭಾರ ಹಾಕಿ ಬಾಗಿ ಬಾಗಿ ಒತ್ತಬೇಕು. ಸೊಂಟ ನೋವಿನವರಿಗೆ ಇದಕ್ಕಿಂತ ಕೆಟ್ಟ ಕಸರತ್ತು ಹುಡುಕಿದರೂ ಸಿಗದು. ಮುಂದೆಂದಾದರೂ ಕೊಂಡರೆ ಕಾರಿನ ಸಾಕೆಟ್‌ಗೆ ಹಾಕುವ ಎಲೆಕ್ಟ್ರಿಕ್ ಪಂಪನ್ನೂ ಜೊತೆಗೇ ಕೊಂಡುಕೋ. ಬಾಡಿಗೆಯಲ್ಲಿ ಈ ತಲೆನೋವಿಲ್ಲ. ಅಲ್ಲೂ ಬೋರ್ಡನ್ನು ಇಬ್ಬರು ಹಿಡಿದೇ ಒಯ್ಯೋಣ. ಹೇಳಿಕೊಡುವ ಹುಡುಗ ಒಂದೇ ಕೈಯಲ್ಲಿ ಎತ್ತಿದ ಅಂತ ನೀನೂ ಹಾಗೆ ಎತ್ತಲು ಹೋಗಬೇಡ.

ಬೋರ್ಡ್ ಅಗಲವಾಗಿರಬೇಕು. 10 ಅಡಿ 6 ಇಂಚು ಉದ್ದ, 33–34 ಇಂಚು ಅಗಲದ್ದು ಕೇಳು. ಕಿರಿದಾದದ್ದು ಅಲುಗಾಡುತ್ತದೆ, ಅಲುಗಿದಷ್ಟೂ ಸೊಂಟ ಬಿಗಿಯುತ್ತದೆ. ಹುಟ್ಟು ನಿನ್ನ ಎತ್ತರಕ್ಕಿಂತ 8ರಿಂದ 10 ಇಂಚು ಉದ್ದ ಇರಲಿ. ಗಿಡ್ಡ ಹುಟ್ಟು ಕೊಟ್ಟರೆ ಪ್ರತಿ ಸಲವೂ ಬೆನ್ನು ಗೂನಾಗುತ್ತದೆ.

ಇನ್ನು ನಿಲ್ಲುವ ವಿಷಯ. ಹೊಸಬರೆಲ್ಲ ಒಂದೇ ಥರ ನಿಲ್ಲುತ್ತಾರೆ. ಮಂಡಿ ಸೆಟೆದಿರುತ್ತದೆ, ಕಾಲ್ಬೆರಳು ಬೋರ್ಡನ್ನು ಕಚ್ಚಿಕೊಂಡಿರುತ್ತವೆ, ಕಣ್ಣು ಪಾದದ ಮೇಲೆ, ಉಸಿರು ಗಂಟಲಲ್ಲಿ. ಹತ್ತು ನಿಮಿಷ ಹಾಗೆ ನಿಂತರೆ ಯಾರ ಸೊಂಟವಾದರೂ ಹಿಡಿದುಕೊಳ್ಳುತ್ತದೆ, ನೋವಿಲ್ಲದವರದ್ದೂ. ನನಗೆ ಕಲಿಸಿದವರು ಹೇಳುತ್ತಿದ್ದದ್ದು ಒಂದೇ ಮಾತು: ‘ಕಾಲು ನೋಡ್ಬೇಡಿ ಮಾರಾಯ್ರೆ, ಆಚೆ ದಡದ ಮರ ನೋಡಿ.’ ಆ ಒಂದು ಮಾತಿನಲ್ಲಿ ಅರ್ಧ ಕೆಲಸ ಆಗುತ್ತದೆ. ತಲೆ ಎತ್ತಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬೋರ್ಡಿನ ನಡುವೆ ಒಂದು ಹಿಡಿ ಇರುತ್ತದೆ, ಅದರ ಎರಡೂ ಕಡೆ ಪಾದ ಇಡು. ಮಂಡಿ ಸಡಿಲ ಇರಲಿ. ಬೋರ್ಡ್ ಸುಮ್ನೆ ನಿಂತಾಗ ಹೆಚ್ಚು ಅಲುಗುತ್ತದೆ, ಸಾಗುತ್ತಿರುವಾಗ ಕಡಿಮೆ. ಅದಕ್ಕೇ ಎದ್ದು ನಿಂತ ಕೂಡಲೇ ಹುಟ್ಟು ಹಾಕು.

ಹುಟ್ಟು ಹಾಕುವಾಗ ಸೊಂಟ ಮಡಿಸಬಾರದು, ತೊಡೆ ಸೇರುವ ಕೀಲಿನಿಂದ ಬಾಗಬೇಕು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಬಾಗುವ ಹಾಗೆ, ಬೆನ್ನು ಚಪ್ಪಟೆ, ಹಿಂಭಾಗ ಹಿಂದಕ್ಕೆ. ಅಷ್ಟು ಕೆಳಗೆ ಬೇಕಿಲ್ಲ, ಸ್ವಲ್ಪವೇ ಸಾಕು. ಮನೆಯಲ್ಲಿ ಇದನ್ನು ಮಾಪ್ ಕೋಲು ಹಿಡಿದು ಕಲಿ. ಕೋಲು ಬೆನ್ನಿಗೆ ಉದ್ದಕ್ಕೆ ಇಟ್ಟುಕೋ. ತಲೆ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ, ಮೂರೂ ಕಡೆ ಕೋಲು ತಾಗಿರುವಂತೆಯೇ ಬಾಗಿ ಏಳು. ಒಂದು ಕಡೆ ಬಿಟ್ಟರೂ ಬೆನ್ನು ಗೂನಾಗಿದೆ ಅಂತ ಅರ್ಥ.

ಹುಟ್ಟಿನ ಅಲಗು ಪೂರ್ತಿ ಮುಳುಗಿದ ಮೇಲೆಯೇ ಎಳೆಯಬೇಕು. ಪಾದದ ಹತ್ತಿರ ಬರುತ್ತಿದ್ದಂತೆ ಹೊರಗೆ ತೆಗಿ. ಪಾದ ದಾಟಿ ಹಿಂದಕ್ಕೆ ಎಳೆದರೆ ಬೋರ್ಡ್ ಮುಂದೆ ಹೋಗುವುದಿಲ್ಲ, ನೀನು ಸುಮ್ನೆ ನೀರು ಎತ್ತುತ್ತಿರುತ್ತೀಯ, ಸೊಂಟ ತಿರುಚುತ್ತಿರುತ್ತದೆ. ತೋಳು ಹೆಚ್ಚು ಮಡಿಸದೆ ಎದೆಯನ್ನೂ ಪೃಷ್ಠವನ್ನೂ ಒಟ್ಟಿಗೆ ತಿರುಗಿಸು. ಐದಾರು ಸಲ ಈ ಕಡೆ, ಐದಾರು ಸಲ ಆ ಕಡೆ. ಒಂದೇ ಪಕ್ಕ ಎಳೆಯುತ್ತಾ ಹೋಗುವವರು ಸಂಜೆ ಒಂದೇ ಪಕ್ಕ ಹಿಡಿದುಕೊಂಡು ನರಳುತ್ತಾರೆ.

ಬೀಳುತ್ತೀಯ. ಬೀಳುವಾಗ ಬೋರ್ಡ್ ಉಳಿಸಿಕೊಳ್ಳಲು ಹೋಗಿ ಸೊಂಟ ಉಳುಕಿಸಿಕೊಳ್ಳಬೇಡ. ಬೋರ್ಡಿನಿಂದ ದೂರಕ್ಕೆ, ನೀರಿನ ಮೇಲೆ ಚಪ್ಪಟೆಯಾಗಿ ಬೀಳು. ಹಿನ್ನೀರಿನಲ್ಲಿ ಮರಳ ದಿಬ್ಬ ಇರುತ್ತದೆ, ಕಾಲೂರಿ ಹಾರಿದರೆ ನೇರ ಬೆನ್ನಿಗೆ ಪೆಟ್ಟು. ಮತ್ತೆ ಹತ್ತುವುದು ಬೀಳುವುದಕ್ಕಿಂತ ಕಷ್ಟ. ಪಕ್ಕದಿಂದ ನಡುವಿನ ಹಿಡಿ ಹಿಡಿದುಕೋ, ಮೈ ನೀರಿನ ಮಟ್ಟಕ್ಕೆ ಬರುವ ತನಕ ಕಾಲು ಬಡಿ, ಆಮೇಲೆ ಹೊಟ್ಟೆಯ ಮೇಲೆ ಜಾರಿ ಬಾ. ಕೈಯೂರಿ ಬೆನ್ನು ಹಿಂದಕ್ಕೆ ಬಗ್ಗಿಸಿ ಏಳಬೇಡ. ಲೈಫ್ ಜಾಕೆಟ್ ಮತ್ತು ಬೋರ್ಡಿಗೆ ಕಟ್ಟುವ ಹಗ್ಗ ಇಲ್ಲದೆ ಇಳಿಯುವುದೇ ಬೇಡ.

ಇದರಿಂದ ಸೊಂಟ ನೋವು ವಾಸಿಯಾಗುತ್ತದಾ ಅಂತ ನಿನ್ನ ಕೊನೆಯ ಪ್ರಶ್ನೆ. ಆಸ್ಟ್ರೇಲಿಯಾದ ಬಾಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವ್ಯಾಯಾಮದ ಅಭ್ಯಾಸ ಇಲ್ಲದ ಕೆಲವರಿಂದ ಆರು ವಾರ ಪ್ಯಾಡಲ್ ಮಾಡಿಸಿ ನೋಡಿದ್ದರು. ಏದುಸಿರು ಬಿಡದೆ ದುಡಿಯುವ ಶಕ್ತಿ ಹೆಚ್ಚಿತು, ನಡುವಿನ ಸ್ನಾಯುಗಳು ಹೆಚ್ಚು ಹೊತ್ತು ತಡೆಯುವಂತಾದವು. ಆದರೆ ಅದು ಸಣ್ಣ ಗುಂಪು, ಸೊಂಟ ನೋವಿನ ರೋಗಿಗಳ ಮೇಲೆ ಮಾಡಿದ್ದೂ ಅಲ್ಲ. ಅದೇ ವಿಶ್ವವಿದ್ಯಾಲಯದವರು ಮರು ವರ್ಷ ಈ ಆಟದಲ್ಲಿ ಆಗುವ ಗಾಯಗಳ ಲೆಕ್ಕ ತೆಗೆದಾಗ ಭುಜ ಮೊದಲು, ಸೊಂಟ ಎರಡನೆಯದು. ಹಾಗಾಗಿ ಔಷಧಿ ಅಂತ ಹತ್ತಬೇಡ. ಖುಷಿಗೆ ಹತ್ತು. ಮೊದಲ ದಿನ ಇಪ್ಪತ್ತು ನಿಮಿಷ ಸಾಕು. ಮರುದಿನ ತೊಡೆ, ಪಾದ, ಪಕ್ಕೆ ನೊಂದರೆ ಅದು ಮಾಮೂಲಿ. ನೋವು ಕಾಲಿಗೆ ಇಳಿದರೆ ಅಲ್ಲಿಗೆ ನಿಲ್ಲಿಸು.

ಅಲ್ಲಿಯ ತನಕ ಮನೆಯಲ್ಲಿ ಒಂದೆರಡು ಮಾಡು. ಅಂಗೈ, ಮಂಡಿ ಊರಿ ನಾಲ್ಕು ಕಾಲಿನ ಮೇಲೆ ನಿಂತು ಬಲಗೈ, ಎಡಗಾಲು ಒಟ್ಟಿಗೆ ಚಾಚುವುದು, ಆಮೇಲೆ ಅದಲು ಬದಲು. ಒಂದು ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವುದು. ಬೆನ್ನಿನ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಆರಿಸಿಕೊಂಡ ಮೂರು ವ್ಯಾಯಾಮಗಳಲ್ಲಿ ಇವು ಎರಡು. ಮೂರನೆಯದನ್ನು ಫಿಸಿಯೋ ಎದುರಿಗೇ ಕಲಿ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲು, ಮನೆಯವರು ನಕ್ಕರೂ ಪರವಾಗಿಲ್ಲ.

ಜನವರಿಯ ಎರಡನೇ ವಾರ ನನಗೆ ಆಗುತ್ತದೆ. ಕ್ರಿಸ್ಮಸ್ ರಜೆಯಲ್ಲಿ ಕರಾವಳಿಯ ಕಡೆ ತಲೆ ಹಾಕುವುದೂ ಬೇಡ, ಬೆಂಗಳೂರೇ ಅಲ್ಲಿಗೆ ಬಂದಿರುತ್ತದೆ. ಟಿಕೆಟ್ ನಾನೇ ಮಾಡಿಸುತ್ತೇನೆ, ನಿನಗೆ ಲೋವರ್ ಬರ್ತ್. ನೀನು ಮೂರು ವಿಷಯ ಬರೆದು ಕಳಿಸು. ಬಾಗಿದರೆ ನೋವಾ, ನಿಂತರೆ ನೋವಾ? ಈಜು ಬರುತ್ತಾ? ತೂಕ ಎಷ್ಟು? ಬೋರ್ಡ್ ಆರಿಸುವುದು ತೂಕದ ಮೇಲೆ ಕಣೋ, ಆಧಾರ್ ಕಾರ್ಡಿನ ಫೋಟೋ ತೆಗೆಸಿದ ಕಾಲದ ತೂಕ ಹೇಳಬೇಡ.

ನಿನ್ನ,
ರವಿ