ರಾಕೆಟಿಗೆ ಮೆಚ್ಚುಗೆ ಸಲ್ಲಲಿ, ಕಾರಿನ ಮಾತಿಗೆ ಅಲ್ಲ

ಮಾನ್ಯ ಸಂಪಾದಕರೇ,

ಇಲಾನ್ ಮಸ್ಕ್ ಕೆಲವರಿಗೆ ಯುಗಪುರುಷ, ಕೆಲವರಿಗೆ ಬರೀ ಬಾಯಿಬಡುಕ. ಆತನ ಉದ್ಯಮಗಳನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕುವುದರಿಂದಲೇ ಈ ಜಗಳ. ಒಂದೊಂದನ್ನೂ ಬೇರೆಯಾಗಿ ತೂಗಬೇಕು.

ಆತನ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್‌ ಹೊಗಳಿಕೆಗೆ ಅರ್ಹ. ಫಾಲ್ಕನ್ 9 ರಾಕೆಟಿನ ಕೆಳಹಂತಕ್ಕೆ ಒಂಬತ್ತು ಎಂಜಿನ್‌. ಮತ್ತೆ ಬಳಸಲೆಂದು ಅದನ್ನು ನೆಲಕ್ಕೆ ಮರಳಿ ಇಳಿಸುವಾಗ ಇಂಧನ ಬಹುತೇಕ ಮುಗಿದು ಅದು ಎಷ್ಟು ಹಗುರಾಗಿರುತ್ತದೆಂದರೆ, ಒಂದೇ ಎಂಜಿನನ್ನು ಕನಿಷ್ಠ ಬಲದಲ್ಲಿ ಉರಿಸಿದರೂ ಮೇಲಕ್ಕೇ ಏಳುತ್ತದೆ. ಹೆಲಿಕಾಪ್ಟರಿನಂತೆ ಗಾಳಿಯಲ್ಲಿ ನಿಂತು ಜಾಗ ನೋಡಿ ಇಳಿಯುವಂತಿಲ್ಲ. ಕಾಲು ನೆಲಕ್ಕೆ ತಾಗುವ ಕ್ಷಣಕ್ಕೇ ವೇಗ ಸೊನ್ನೆಯಾಗಬೇಕು. ಎಂಜಿನ್ ಬೇಗ ಹೊತ್ತಿದರೆ ನೆಲ ಮುಟ್ಟುವ ಮೊದಲೇ ನಿಂತು ಮೇಲೇರತೊಡಗುತ್ತದೆ, ತಡವಾದರೆ ಅಪ್ಪಳಿಸುತ್ತದೆ. 2015ರ ಡಿಸೆಂಬರಿನಲ್ಲಿ ಇದು ಕೈಗೂಡಿತು. ಮರುತಿಂಗಳು ಸಮುದ್ರದ ತೇಲುವೇದಿಕೆಗೆ ನೆಟ್ಟಗೆ ಇಳಿದ ಇನ್ನೊಂದು, ನಾಲ್ಕರಲ್ಲಿ ಒಂದು ಕಾಲಿನ ಚಿಲಕ ಬೀಳದೆ ವಾಲಿ ಸಿಡಿಯಿತು. ಉಡಾವಣೆಯ ಹೊತ್ತಿನ ಮಂಜಿನ ತೇವ ಅಲ್ಲಿ ಹೆಪ್ಪುಗಟ್ಟಿರಬಹುದೆಂದು ಮಸ್ಕ್ ಹೇಳಿದ್ದ. ಒಮ್ಮೆ ಇಳಿದ ರಾಕೆಟ್ 2017ರ ಮಾರ್ಚಿನಲ್ಲಿ ಮತ್ತೆ ಹಾರಿತು. ಇಸ್ರೋದ ಎಲ್‌ವಿಎಂ3 ರಾಕೆಟಿಗೆ ಭಾರವಾಗುತ್ತಿದ್ದ 4,700 ಕಿಲೋದ ನಮ್ಮ ಜಿಸ್ಯಾಟ್-ಎನ್2 ಉಪಗ್ರಹವನ್ನು 2024ರ ನವೆಂಬರಿನಲ್ಲಿ ಏರಿಸಿದ್ದೂ ಫಾಲ್ಕನ್ 9.

ಈ ಕೀರ್ತಿಯಲ್ಲಿ ಎಂಜಿನಿಯರುಗಳಿಗೂ ಅಮೆರಿಕದ ತೆರಿಗೆದಾರರಿಗೂ ದೊಡ್ಡ ಪಾಲಿದೆ. ಸ್ಪೇಸ್‌ಎಕ್ಸ್‌ನ ಮೊದಲ ರಾಕೆಟ್ ಫಾಲ್ಕನ್ 1ರ ಮೊದಲ ಮೂರು ಹಾರಾಟ ಸೋತು ಕಂಪನಿಯ ಕೈ ಬರಿದಾಗಿದ್ದಾಗ, 2008ರ ಡಿಸೆಂಬರಿನಲ್ಲಿ ಅದನ್ನು ಉಳಿಸಿದ್ದು ನಾಸಾದ 160 ಕೋಟಿ ಡಾಲರಿನ ಗುತ್ತಿಗೆ. ಸರಕಾರದ ಹಂಗಿಲ್ಲದೆ ಖಾಸಗಿಯವರೇ ಎಲ್ಲ ಮಾಡಿದರು ಎನ್ನುವುದು ಶುದ್ಧ ತಪ್ಪು.

ಮಸ್ಕ್‌ನ ಕಾರು ಕಂಪನಿ ಟೆಸ್ಲಾದ ವಿಷಯದಲ್ಲಿ ನನ್ನ ಆಕ್ಷೇಪ ಕಾರಿನ ಮೇಲಲ್ಲ, ಮಾತಿನ ಮೇಲೆ. 2017 ಮುಗಿಯುವುದರೊಳಗೆ ಚಾಲಕನ ಕೈ ತಾಗದೆ ಕಾರು ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್ ತಲುಪುತ್ತದೆ ಎಂದು ಮಸ್ಕ್ ಹೇಳಿದ್ದು 2016ರಲ್ಲಿ. ಮರುವರ್ಷವೇ ಚಾಲಕನಿಲ್ಲದ ಹತ್ತು ಲಕ್ಷ ರೋಬೋ ಟ್ಯಾಕ್ಸಿ ಎಂದದ್ದು 2019ರಲ್ಲಿ. ಎರಡೂ ಆಗಲಿಲ್ಲ. ಆದರೂ ‘ಪೂರ್ಣ ಸ್ವಯಂಚಾಲನೆ’ ಎಂಬ ಹೆಸರಲ್ಲಿ ಸಾವಿರಾರು ಡಾಲರ್ ಮೊದಲೇ ಪಡೆದರು. ಸ್ಟೀರಿಂಗ್, ವೇಗಗಳನ್ನು ಕಾರೇ ನೋಡಿಕೊಳ್ಳುವ ಆಟೋಪೈಲಟ್ ಹಾಕಿದಾಗ ಚಾಲಕನ ಗಮನ ರಸ್ತೆಯ ಮೇಲಿದೆಯೇ ಎಂಬ ತಪಾಸಣೆ ಸಾಲದೆಂದು 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು 20 ಲಕ್ಷ ಕಾರುಗಳ ಸಾಫ್ಟ್‌ವೇರ್ ತಿದ್ದಬೇಕಾಯಿತು. ಹೆಸರನ್ನು ನಂಬಿ ರಸ್ತೆಯಿಂದ ಕಣ್ಣು ತೆಗೆದವನ ಜೀವಕ್ಕೆ ಯಾರು ಹೊಣೆ?

ಇನ್ನು ಸ್ಟಾರ್‌ಲಿಂಕ್, ಸ್ಪೇಸ್‌ಎಕ್ಸ್‌ನ ಉಪಗ್ರಹ ಇಂಟರ್ನೆಟ್ ಸೇವೆ. 2025ರ ಜೂನಿನಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದೆ. ಉಪಗ್ರಹಗಳು ಸುಮಾರು 500 ಕಿ.ಮೀ. ಎತ್ತರದಲ್ಲೇ ಇರುವುದರಿಂದ ಸಂದೇಶ ಬೇಗ ಹೋಗಿ ಬರುತ್ತದೆ. ಆದರೆ ಅವು ನಿಂತಲ್ಲಿ ನಿಲ್ಲುವುದಿಲ್ಲ, ಒಂದು ದಾಟಿ ಇನ್ನೊಂದು ಬರುತ್ತಲೇ ಇರುತ್ತದೆ. ಟಿವಿ ಡಿಶ್‌ನಂತೆ ಮರಗಳ ನಡುವಿನ ಒಂದು ಕಿಂಡಿ ಸಾಲದು, ನೆತ್ತಿಯ ಸುತ್ತ ಅಗಲ ಆಕಾಶ ಬೇಕು. ನಮ್ಮ ಕಾಸರಗೋಡಿನ ಎಣ್ಮಕಜೆ, ದೇಲಂಪಾಡಿಯ ಕಂಗಿನ ತೋಟದೊಳಗಿನ ಹೆಂಚಿನ ಮನೆಯಲ್ಲಿ ಅದೆಲ್ಲಿದೆ? ಸೋಗೆ ಅಡ್ಡ ಬಂದಾಗಲೆಲ್ಲ ಕರೆ ತುಂಡಾಗುತ್ತದೆ. ಎತ್ತರದ ಕಂಬ ನೆಡಬೇಕು, ಇಲ್ಲವೇ ಗುಡ್ಡದ ಬಯಲಿನಿಂದ ಕೇಬಲ್ ಎಳೆಯಬೇಕು. ಮಾಮೂಲಿ ಡಿಶ್ 75ರಿಂದ 100 ವಾಟ್ ಎಳೆಯುತ್ತದೆ, ದಿನಕ್ಕೆ ಎರಡು ಯೂನಿಟ್. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೆ ಮನೆಯ ಇನ್ವರ್ಟರ್ ತಡೆಯದು.

ಆದ್ದರಿಂದ ಆಕಾಶದಿಂದ ಇಂಟರ್ನೆಟ್ ಬರುತ್ತದೆಂದು ಕೇರಳ ಸರಕಾರದ ಇಂಟರ್ನೆಟ್ ಜಾಲವಾದ ಕೆ-ಫೋನ್‌ನ ಫೈಬರನ್ನು ಒಳಪ್ರದೇಶದ ವಾರ್ಡುಗಳಿಗೆ ಎಳೆಯುವ ಕೆಲಸವನ್ನು ನಮ್ಮ ಪಂಚಾಯತುಗಳು ಸಡಿಲ ಬಿಡಬಾರದು. ಮರ ಬಿದ್ದು ಫೈಬರ್ ತುಂಡಾದರೆ ಅದನ್ನು ಜೋಡಿಸುವ ಕೆಲಸಗಾರರು ಊರಲ್ಲೇ ಸಿಗುತ್ತಾರೆ.

– ಓದುಗ, ಪೆರ್ಲ, ಕಾಸರಗೋಡು